ಹರಾಜಿನ ಟೋಟಲ್ ಲಾಸ್ ಕಾರು ತಗೊಂಡು ರಿಪೇರಿ ಮಾಡ್ಸೋದು ಹೇಗೆ: ಕೊಡಗಿನಲ್ಲಿ ಕೂತು ಮಾಡೋರಿಗೆ ಸಮಗ್ರ ಮಾರ್ಗದರ್ಶಿ

2018ರ ಆಗಸ್ಟ್ ಮಳೆ, ಅದರ ಬೆನ್ನಿಗೇ 2019ರಲ್ಲಿ ಕಾವೇರಿ ಮತ್ತೆ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ, ಕುಶಾಲನಗರದ ಬಡಾವಣೆಗಳಿಗೆಲ್ಲ ನುಗ್ಗಿದ್ದು, ಇವೆರಡೂ ಆದ್ಮೇಲೆ ನಮ್ಮ ಜಿಲ್ಲೇಲಿ 'ಟೋಟಲ್ ಲಾಸ್' ಅನ್ನೋ ಮಾತು ಎಲ್ಲರ ಬಾಯಿಗೂ ಬಂತು. ಮನೆ ಮುಂದೆ ನಿಲ್ಸಿದ್ದ ಕಾರಿನ ಸೀಟ್ ಮೇಲೆ ಒಂದು ಗೇಣು ಕೆಸರು, ಇನ್ಶೂರೆನ್ಸ್‌ನೋರು ಬಂದ್ರು, ಫೋಟೋ ತೆಗೆದ್ರು, ದುಡ್ಡು ಕೊಟ್ರು, ಗಾಡಿ ಹರಾಜಿಗೆ ಹೋಯ್ತು. ನಾನು ಈ ಕೆಲಸಕ್ಕೆ ಇಳಿದಿದ್ದು ಆವಾಗ್ಲೇ. ಇಲ್ಲಿವರೆಗೆ ಐದು ಗಾಡಿ ತಗೊಂಡಿದ್ದೀನಿ, ನಾಲ್ಕು ರಸ್ತೆ ಮೇಲೆ ಓಡ್ತಾ ಇವೆ, ಒಂದು ಬಿಡಿಭಾಗವಾಗಿ ಗುಜರಿ ಸೇರ್ತು. ಅದರ ಕಥೆ ಮಧ್ಯದಲ್ಲಿ ಬರುತ್ತೆ.

ಮೊದಲೇ ಹೇಳ್ಬಿಡ್ತೀನಿ, ಫೋನಲ್ಲಿ ಬಿಡ್ (ಹರಾಜಿನ ಕೂಗು) ಒತ್ತೋ ಮುಂಚೆನೇ ಮುಕ್ಕಾಲು ಕೆಲಸ ಮುಗಿದಿರ್ಬೇಕು. ಆಮೇಲೆ ಉಳಿಯೋದು ಸ್ಪ್ಯಾನರ್ ಕೆಲಸ, ಅದಕ್ಕೆ ನಮ್ಮ ಗೋಣಿಕೊಪ್ಪ, ಕುಶಾಲನಗರದಲ್ಲಿ ಒಳ್ಳೊಳ್ಳೆ ಮೇಸ್ತ್ರಿಗಳಿದ್ದಾರೆ.

ಓಡೋ ಗಾಡಿ ಟೋಟಲ್ ಲಾಸ್ ಆಗೋದು ಯಾಕೆ

ಇದು ಗೊತ್ತಿಲ್ದೆ ಹರಾಜಿಗೆ ಹೋಗ್ಬೇಡಿ. ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತೆ, ಅಂದ್ರೆ ಇನ್ಶೂರೆನ್ಸ್ ಕಂಪನಿ ಲೆಕ್ಕದಲ್ಲಿ ಗಾಡಿಯ ಬೆಲೆ. ಹೊಸ ಗಾಡಿ ಆರು ತಿಂಗಳೊಳಗೆ 5% ಇಳಿಯುತ್ತೆ, ಒಂದು ವರ್ಷಕ್ಕೆ 15%, ಎರಡು ವರ್ಷಕ್ಕೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50%. ರಿಪೇರಿ ಖರ್ಚು ಈ ಐಡಿವಿಯ 75% ದಾಟಿದ್ರೆ ಅದನ್ನ ಟೋಟಲ್ ಲಾಸ್ ಅಂತ ಲೆಕ್ಕ ಹಾಕ್ತಾರೆ. ಈಗ ಯೋಚ್ನೆ ಮಾಡಿ, ಐದು ವರ್ಷದ ಗಾಡಿ, ಐಡಿವಿ ಅರ್ಧಕ್ಕೆ ಇಳಿದಿದೆ, ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಎಸ್ಟಿಮೇಟ್ ಹಾಕೋದು ಎಲ್ಲ ಹೊಸ ಪಾರ್ಟ್ಸ್‌ಗೆ, ಲೇಬರ್ ಸೇರಿ, ಜಿಎಸ್‌ಟಿ ಸೇರಿ. ಎರಡು ಏರ್‌ಬ್ಯಾಗ್ ಬಿಚ್ಚಿಕೊಂಡಿದ್ರೆ, ಬಾನೆಟ್ಟು, ಹೆಡ್‌ಲೈಟು, ರೇಡಿಯೇಟರ್ ಹೋಗಿದ್ರೆ ಅಲ್ಲಿಗೇ ಆ ಗೆರೆ ದಾಟ್ಬಿಡುತ್ತೆ. ಗಾಡಿಯ ಮೂಳೆ ಮುರಿದಿರಲ್ಲ, ಆದ್ರೂ ಕಾಗದದಲ್ಲಿ ಸತ್ತಿರುತ್ತೆ. ನಾವು ಹುಡುಕ್ಬೇಕಾದ್ದು ಇಂಥ ಗಾಡಿ.

ಹೊಸ ಗಾಡಿ ಟೋಟಲ್ ಲಾಸ್ ಆಗಿದ್ರೆ ಅದಕ್ಕೆ ಆಸೆ ಪಡಬೇಡಿ. ಆರು ತಿಂಗಳ ಗಾಡಿಗೆ 75% ದಾಟಿದೆ ಅಂದ್ರೆ ಏಟು ಎಂಥದ್ದು ಅಂತ ಅರ್ಥ ಮಾಡ್ಕೊಳ್ಳಿ.

ಯಾವ ಡ್ಯಾಮೇಜ್ ತಗೋಬಹುದು, ಯಾವ್ದು ಬೇಡ

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೇದು ಮರ ಬಿದ್ದ ಗಾಡಿ. ಜೂನ್ ಜುಲೈನಲ್ಲಿ ನಮ್ಮಲ್ಲಿ ಸಿಲ್ವರ್ ಓಕ್ ಬೀಳೋದು ದಿನಾ ನೋಡ್ತೀವಲ್ಲ, ರೂಫ್ ತಗಡು ಒಳಗೆ ಹೋಗಿರುತ್ತೆ, ಗ್ಲಾಸ್ ಪುಡಿಯಾಗಿರುತ್ತೆ, ಆದ್ರೆ ಇಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್‌ಗೆ ಏನೂ ಆಗಿರಲ್ಲ. ಕಂಬಗಳು ಅಂದ್ರೆ ಪಿಲ್ಲರ್‌ಗಳು ನೆಟ್ಟಗಿದ್ದು ಮೇಲಿನ ತಗಡು ಮಾತ್ರ ಹೋಗಿದ್ರೆ ಕಣ್ಮುಚ್ಚಿ ಲಿಸ್ಟಿಗೆ ಹಾಕಿ. ಪಿಲ್ಲರ್ ಬಾಗಿದ್ರೆ ಬಿಟ್ಬಿಡಿ. ಹಿಂದೆಯಿಂದ ಗುದ್ದಿಸ್ಕೊಂಡ ಗಾಡಿ ಎರಡನೇದು. ಮುಂದೆ ಗುದ್ದಿದ್ದು ಮೂರನೇದು, ಅದ್ರಲ್ಲೂ ಏಪ್ರನ್ (ಇಂಜಿನ್ ಪಕ್ಕದ ಒಳತಗಡು), ಸ್ಟ್ರಟ್ ಟವರ್‌ಗೆ (ಮುಂದಿನ ಸಸ್ಪೆನ್ಷನ್ ಮೇಲ್ತುದಿ ಕೂರೋ ಜಾಗ) ಏಟು ಬಿದ್ದಿಲ್ಲ ಅಂದ್ರೆ ಮಾತ್ರ. ಪಲ್ಟಿ ಹೊಡೆದಿದ್ದು ಬೇಡ, ಬೆಂಕಿ ಬಿದ್ದಿದ್ದು ಮುಟ್ಲೇಬೇಡಿ.

ನೀರಲ್ಲಿ ಮುಳುಗಿದ್ದು? ನೀರಿನ ಮಟ್ಟ ನೋಡಿ ಹೇಳ್ಬೇಕು. ಫ್ಲೋರ್ ಮ್ಯಾಟ್ ನೆನೆಯೋಷ್ಟು ಆದ್ರೆ ಸರಿಮಾಡ್ಬಹುದು. ಸೀಟ್ ಕುಶನ್‌ವರೆಗೆ ಬಂದಿದ್ರೆ ಹಳೇ ಮಾಡೆಲ್, ಎಲೆಕ್ಟ್ರಾನಿಕ್ಸ್ ಕಮ್ಮಿ ಇರೋ ಗಾಡಿ ಮಾತ್ರ. ಡ್ಯಾಶ್‌ಬೋರ್ಡ್ ಮುಟ್ಟಿದ್ರೆ ಅದು ಪಾರ್ಟ್ಸ್‌ಗೆ ಮಾತ್ರ.

ಕಾಗದ ಮೊದ್ಲು, ಗಾಡಿ ಆಮೇಲೆ

ಹರಾಜಿನ ಲಿಸ್ಟ್‌ನಲ್ಲಿ 'ವಿತ್ ಆರ್‌ಸಿ', 'ವಿದೌಟ್ ಆರ್‌ಸಿ' ಅಂತ ಬರೆದಿರುತ್ತೆ. ಆರ್‌ಸಿ ಇಲ್ಲದ್ದು ರಸ್ತೆಗೆ ಬರೋ ಗಾಡಿ ಅಲ್ಲ, ಅದು ಗುಜರಿ ಲೆಕ್ಕ. ಮೋಟಾರು ವಾಹನ ಕಾಯ್ದೆ 1988ರ 55ನೇ ಸೆಕ್ಷನ್ ಪ್ರಕಾರ ಗಾಡಿ ನಾಶ ಆದ್ರೆ ಅಥವಾ ಶಾಶ್ವತವಾಗಿ ಓಡಿಸಕ್ಕೆ ಆಗ್ದಂಗೆ ಆದ್ರೆ ಮಾಲೀಕ 14 ದಿನದೊಳಗೆ ಆರ್‌ಟಿಓಗೆ ತಿಳಿಸ್ಬೇಕು, ಆ ರಿಜಿಸ್ಟ್ರೇಷನ್ ರದ್ದಾಗುತ್ತೆ. ಹಂಗೆ ರದ್ದಾದ ನಂಬರ್‌ನ ಯಾರೋ ಏಜೆಂಟ್ 'ನಾನು ಜೀವ ಕೊಡಿಸ್ತೀನಿ' ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಆರ್‌ಸಿ ಇದ್ದು ಗಾಡಿ ಪೂರ್ತಿ ಜಜ್ಜಿಹೋಗಿದ್ರೂ ದುಡ್ಡು ಜಾಸ್ತಿ ಕೊಟ್ಟು ತಗೊಳ್ಳೋರು ಇದ್ದಾರೆ, ಅವರಿಗೆ ಬೇಕಾಗಿರೋದು ಕಾಗದ ಮತ್ತು ಚಾಸಿ ನಂಬರ್, ಕದ್ದ ಗಾಡಿಗೆ ಅದನ್ನ ಕೂರ್ಸೋಕೆ. ಹಂಗಾಗಿ ಒಂದು ಹಾಳು ಗಾಡಿಗೆ ಬಿಡ್ ವಿಚಿತ್ರವಾಗಿ ಏರ್ತಾ ಇದ್ರೆ ನೀವು ಹಿಂದೆ ಸರೀರಿ.

ನಂಬರ್ ಸಿಕ್ಕಿದ ತಕ್ಷಣ ಎಂಪರಿವಾಹನ್ ಆಪ್‌ನಲ್ಲಿ ಹಾಕಿ ನೋಡಿ, ಆರ್‌ಸಿ ಸ್ಥಿತಿ, ಸಾಲ, ಬ್ಲ್ಯಾಕ್‌ಲಿಸ್ಟ್. ಚಲನ್ ಬೇರೆ ನೋಡಿ. ಕಳವಿನ ಗಾಡಿನಾ ಅಂತ ನೋಡೋಕೆ ಎನ್‌ಸಿಆರ್‌ಬಿಯ (ಕೇಂದ್ರದ ಅಪರಾಧ ದಾಖಲೆ ಸಂಸ್ಥೆ) 'ವಾಹನ್ ಸಮನ್ವಯ್' ಇದೆ. ಸಾಲ ಇದ್ದ ಗಾಡಿ ಆದ್ರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರಂ 35 (ಆರ್‌ಸಿಲಿರೋ ಸಾಲದ ನಮೂದು ತೆಗೆಸೋ ಫಾರಂ) ಕೈಗೆ ಬರ್ದೆ ಪೂರ್ತಿ ದುಡ್ಡು ಕಟ್ಬೇಡಿ. ಹಳೇ ಮಾಲೀಕ ಸಹಿ ಹಾಕಿರೋ ಫಾರಂ 29 ಎರಡು ಪ್ರತಿ, ಫಾರಂ 30 (ಎರಡೂ ಹೆಸರು ಬದಲಾವಣೆಗೆ), ಇನ್ಶೂರೆನ್ಸ್ ಕಂಪನಿಯ ಪತ್ರ, ಹರಾಜಿನ ಡೆಲಿವರಿ ಆರ್ಡರ್, ದುಡ್ಡು ಕಟ್ಟಿದ ರಸೀತಿ, ಇಷ್ಟೂ ಒಂದೇ ಫೈಲಲ್ಲಿ ಇರ್ಲಿ.

ಕೇರಳದ ಗಾಡಿ ಕುಟ್ಟ, ಮಾಕುಟ್ಟದ ಆಚೆ ಅಗ್ಗಕ್ಕೆ ಸಿಗುತ್ತೆ ಅಂತ ಬಹಳ ಜನ ಹೇಳ್ತಾರೆ. ಸಿಗುತ್ತೆ, ಆದ್ರೆ ಅಲ್ಲಿಂದ ಫಾರಂ 28ರ ಎನ್‌ಓಸಿ ತರ್ಬೇಕು, ಇಲ್ಲಿ ಜೀವಿತಾವಧಿ ತೆರಿಗೆ ಮತ್ತೆ ಕಟ್ಟಿ ಕೆಎ-12 (ಕೊಡಗಿನ ನಂಬರ್) ಮಾಡಿಸ್ಬೇಕು, ಆ ತೆರಿಗೆನ ಲೆಕ್ಕಕ್ಕೆ ಹಾಕಿದ್ಮೇಲೆ ಅಗ್ಗ ಉಳಿಯುತ್ತಾ ನೋಡಿ.

ಇನ್ನೊಂದು ಮಾತು, ತೋಟದವ್ರಿಗೆ ಇಲಾಖೆಯ ಹಳೇ ಜೀಪ್ ಮೇಲೆ ತುಂಬಾ ಆಸೆ ಇರುತ್ತೆ, ನನಗೂ ಇತ್ತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಆಗಲ್ಲ, ಅವು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಹೋಗ್ಬೇಕು. ಸರ್ಕಾರದ ಹರಾಜು ನಡೆಯೋ ಎಂಎಸ್‌ಟಿಸಿ ಪೋರ್ಟಲ್‌ನಲ್ಲಿ ಲಿಸ್ಟ್ ಕಂಡ್ರೂ ಅದು ನಮಗಲ್ಲ.

ಯಾರ್ಡಿಗೆ ಹೋಗಿ ನೋಡೋದು

ಹರಾಜಿನಲ್ಲಿ ಗಾಡಿ ಎಲ್ಲಿದೆಯೋ ಹೇಗಿದೆಯೋ ಹಂಗೇ ಕೊಡೋದು, ಆಮೇಲೆ ಯಾವ ದೂರೂ ನಡೆಯಲ್ಲ. ಆದ್ರಿಂದ ಫೋಟೋ ನೋಡಿ ಬಿಡ್ ಹಾಕ್ಬೇಡಿ. ನಾನು ಹಾಕಿದ್ದೆ. ಬೆಂಗಳೂರಿನ ಹೊರಗಿನ ಒಂದು ಯಾರ್ಡ್‌ನಲ್ಲಿದ್ದ ಹ್ಯಾಚ್‌ಬ್ಯಾಕು, ಹತ್ತು ಫೋಟೋದಲ್ಲೂ ಮುಂದಿನ ಏಟು ಮಾತ್ರ, ಒಳಗೆಲ್ಲ ಫಳಫಳ. ಆವಾಗ ತೋಟದಲ್ಲಿ ಕಾಫಿ ಕೊಯ್ಲು ಜೋರಾಗಿತ್ತು, ಒಂದು ದಿನ ಬಿಟ್ಟು ಹೋಗೋಕೆ ಆಗ್ಲಿಲ್ಲ, ಫೋನಲ್ಲೇ ಬಿಡ್ ಒತ್ತಿದೆ. ಗಾಡಿ ಊರಿಗೆ ಬಂದು ಟಿಂಕರಿಂಗ್ ಮುಗಿದು ಪೇಂಟ್ ಆದ್ಮೇಲೆ ಒಂದಿನ ಡ್ರೈವರ್ ಸೀಟ್‌ಬೆಲ್ಟ್ ಲಾಕ್ ಆಗ್ತಿದೆಯಲ್ಲ ಅಂತ ಮೇಸ್ತ್ರಿ ಅದನ್ನ ಪೂರ್ತಿ ಎಳೆದ್ರು, ರೀಲ್‌ನ ಕೊನೇವರೆಗೂ. ಯಾರೂ ಅಷ್ಟು ಎಳೆಯಲ್ಲ. ಕೊನೆಯ ಒಂದು ಮೊಳ ಬೆಲ್ಟ್ ಮೇಲೆ ಕೆಮ್ಮಣ್ಣಿನ ಬಣ್ಣ, ಅದಕ್ಕೊಂದು ಗೀರು ಎಳೆದ ಹಾಗೆ ನೇರ ಅಂಚು, ಉಗುರಲ್ಲಿ ಕೆರೆದ್ರೆ ನುಣ್ಣಗಿನ ಗೋಡು ಮಣ್ಣು ಉದುರ್ತಾ ಇತ್ತು. ಗಾಡಿ ಗುದ್ದಿ ಕೆರೆಗೋ ಹೊಂಡಕ್ಕೋ ಇಳಿದಿತ್ತು, ಆಮೇಲೆ ಯಾರೋ ತೊಳೆದು ಒಣಗಿಸಿದ್ರು. ಒಂದು ಮಳೆಗಾಲ ತಳ್ಳಿದೆ, ವೈಪರ್ ತಾನಾಗೇ ಓಡೋದು, ನಡುರಾತ್ರಿ ಹಾರ್ನ್ ಹೊಡಿಯೋದು, ಕೊನೆಗೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಹೋಯ್ತು. ಬಿಚ್ಚಿ ಮಾರ್ದೆ.

ಅದಕ್ಕೇ ಈಗ ಯಾರ್ಡಿಗೆ ಕಾಲಿಟ್ಟ ತಕ್ಷಣ ನಾನು ಮಾಡೋ ಮೊದಲ ಕೆಲಸ ನಾಲ್ಕೂ ಸೀಟ್‌ಬೆಲ್ಟ್ ಕೊನೆವರೆಗೆ ಎಳೆಯೋದು. ಎರಡನೇದು ಮುಂದಿನ ಸೀಟ್ ಹಿಂದಕ್ಕೆ ತಳ್ಳಿ ಕೆಳಗೆ ಕೈ ಹಾಕಿ ಸ್ಪ್ರಿಂಗ್, ರೈಲ್ ಬೋಲ್ಟ್ ಮುಟ್ಟಿ ನೋಡೋದು, ತುಕ್ಕು ಕೈಗೆ ಹತ್ತುತ್ತೆ. ಸ್ಟೆಪ್ನಿ ಗುಂಡಿ, ಟೈಲ್‌ಲ್ಯಾಂಪ್ ಒಳಗಿನ ನೀರಿನ ಗೆರೆ, ಫ್ಯೂಸ್ ಬಾಕ್ಸ್‌ನಲ್ಲಿ ಹಸಿರು ಕಿಲುಬು. ವಾಸನೆನೂ ಹೇಳುತ್ತೆ, ಸೆಂಟ್ ಜೋರಾಗಿ ಹೊಡೆದಿದ್ರೆ ಇನ್ನೂ ಅನುಮಾನ ಪಡಿ.

ಆಮೇಲೆ ಚಾಸಿ ನಂಬರ್. 17 ಅಕ್ಷರ, ತಗಡಿನ ಮೇಲೆ ಪಂಚ್ ಮಾಡಿರೋದು, ಪ್ಲೇಟ್ ಮೇಲಿರೋದು, ಆರ್‌ಸಿಲಿರೋದು ಮೂರೂ ಒಂದೇ ಇರ್ಬೇಕು. ಪಂಚ್ ಸುತ್ತ ಹೊಸ ಪೇಂಟು, ಗ್ರೈಂಡಿಂಗ್ ಗೆರೆ, ಅಕ್ಷರ ಮೇಲೆ ಕೆಳಗೆ ಇದ್ರೆ ವಾಪಸ್ ಬನ್ನಿ. ಇಂಜಿನ್ ನಂಬರ್‌ನೂ ಹಂಗೇ ಹೋಲಿಸಿ, ಇಂಜಿನ್ ಬದಲಾಗಿದ್ರೆ ಆರ್‌ಸಿಲೂ ಬದಲಾಗಿರ್ಬೇಕು.

ಟೇಪ್ ಒಂದು ಜೇಬಲ್ಲಿರ್ಲಿ. ಬಾನೆಟ್ ಎತ್ತಿ ಎಡಗಡೆ ಸ್ಟ್ರಟ್ ಟವರ್‌ನಿಂದ ಬಲಗಡೆ ಹೆಡ್‌ಲೈಟ್ ಬೋಲ್ಟ್‌ವರೆಗೆ ಅಡ್ಡ ಅಳೀರಿ, ಆಮೇಲೆ ಬಲದಿಂದ ಎಡಕ್ಕೆ. ಎರಡೂ ಅಳತೆ ಒಂದೇ ಬರ್ಬೇಕು. ಒಂದು ಬೆರಳಗಲ ವ್ಯತ್ಯಾಸ ಇದ್ರೂ ಮುಂಭಾಗ ತಿರುಚಿದೆ ಅಂತ ಅರ್ಥ. ನಾಲ್ಕೂ ಬಾಗಿಲು ತೆಗೆದು ಹಾಕಿ, ಬಾಗಿಲು ತಾನಾಗಿ ಕೂತ್ರೆ ಪಿಲ್ಲರ್ ನೆಟ್ಟಗಿದೆ, ಎತ್ತಿ ಕೂರಿಸ್ಬೇಕು ಅಂದ್ರೆ ಬಾಡಿ ಜರುಗಿದೆ. ಬೊಲೆರೊ, ಥಾರ್ ಥರ ಕೆಳಗೆ ಬೇರೆ ಚಾಸಿ ಫ್ರೇಮ್ ಇರೋ ಗಾಡಿಲಿ ಕೆಳಗೆ ಮಲಗಿ ಫ್ರೇಮ್ ಉದ್ದಕ್ಕೂ ಟಾರ್ಚ್ ಬಿಡಿ, ಸುಕ್ಕು ಬಿದ್ದಿದ್ರೆ, ವೆಲ್ಡಿಂಗ್ ಮಾಡಿದ್ರೆ ಕಾಣುತ್ತೆ.

ಲೆಕ್ಕ

ಉದಾಹರಣೆಗೆ ಒಂದು ಗಾಡಿ ಚೆನ್ನಾಗಿದ್ರೆ ಸೆಕೆಂಡ್ ಹ್ಯಾಂಡ್ ಬೆಲೆ 4,50,000 ಅಂತ ಇಟ್ಕೊಳ್ಳಿ. ಟೋಟಲ್ ಲಾಸ್ ಆಗಿದ್ದ ಗಾಡಿಗೆ ಆ ಬೆಲೆ ಯಾವತ್ತೂ ಬರಲ್ಲ, ಹಂಗಾಗಿ ನಾನು ಅದರ 70%, ಅಂದ್ರೆ 3,15,000 ನನ್ನ ಪೂರ್ತಿ ಖರ್ಚಿನ ಗಡಿ ಅಂತ ಬರ್ಕೋತೀನಿ. ಪಾರ್ಟ್ಸ್ 1,10,000, ಟಿಂಕರಿಂಗ್ ಪೇಂಟಿಂಗ್ 45,000, ಇದರ ಮೇಲೆ ಕಾಣದ ಖರ್ಚಿಗೆ 20% ಅಂದ್ರೆ 31,000, ಗಾಡಿ ತರೋಕೆ 15,000, ಹರಾಜಿನೋರ ಫೀಸು ತೆರಿಗೆ 10,000, ಆರ್‌ಟಿಓ ಮತ್ತು ಇನ್ಶೂರೆನ್ಸ್ 20,000. ಒಟ್ಟು 2,31,000. ಕಳೆದ್ರೆ ಉಳಿಯೋದು 84,000. ಅದೇ ನಿಮ್ಮ ಕೊನೇ ಬಿಡ್. ಒಂದು ಚೀಟೀಲಿ ಬರೆದು ಫೋನ್ ಪಕ್ಕ ಇಟ್ಕೊಳ್ಳಿ, ಯಾಕಂದ್ರೆ ಕೊನೇ ಎರಡು ನಿಮಿಷದಲ್ಲಿ ಎದುರಿನವ್ನು ಒಂದು ಸಾವಿರ ಏರಿಸ್ದಾಗ ಕೈ ತಡಿಯಲ್ಲ, ಟೈಮರ್ ಬೇರೆ ಮುಂದಕ್ಕೆ ಹೋಗ್ತಿರುತ್ತೆ, 'ಇನ್ನೊಂದು ಸಾವಿರ ಅಷ್ಟೆ' ಅಂತ ಅಂದ್ಕೊಂಡು ಇಪ್ಪತ್ತು ಸಾವಿರ ದಾಟಿರ್ತೀರಿ. ಗೆದ್ದು ದುಡ್ಡು ಕಟ್ಟದಿದ್ರೆ ಹರಾಜಿಗೆ ಮೊದ್ಲೇ ಇಟ್ಟ ಡೆಪಾಸಿಟ್ ಹೋಗುತ್ತೆ. ಗಾಡಿ ಎತ್ತೋಕೆ ಇರೋ ಗಡುವು, ಆಮೇಲೆ ದಿನದ ಬಾಡಿಗೆ ಎಷ್ಟು ಅನ್ನೋದನ್ನ ಷರತ್ತಿನಲ್ಲಿ ಮೊದ್ಲೇ ಓದಿ.

ಪಾರ್ಟ್ಸ್ ಬೆಲೆ ಬಿಡ್ ಮುಂಚೆನೇ ಕೇಳ್ಕೊಳ್ಳಿ. ಹೊಸದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೇದಕ್ಕೆ ಶಿವಾಜಿನಗರ, ಸಿಗ್ದೇ ಇದ್ದದ್ದಕ್ಕೆ ಚೆನ್ನೈನ ಪುದುಪೇಟೆ. ಬಾಗಿಲು, ಬಾನೆಟ್, ಹೆಡ್‌ಲೈಟ್ ಹಳೇದು ತಗೊಂಡ್ರೆ ತೊಂದ್ರೆ ಇಲ್ಲ. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್ ಹೊಸದೇ ಹಾಕಿ, ಇದ್ರಲ್ಲಿ ಚೌಕಾಸಿ ಬೇಡ.

ಊರಿಗೆ ತರೋದು

ಫ್ಲ್ಯಾಟ್‌ಬೆಡ್ ಟೋಯಿಂಗ್ ಗಾಡಿಲೇ ತನ್ನಿ. ಹಗ್ಗ ಕಟ್ಟಿ ಎಳ್ಕೊಂಡು ಬರೋದು, 'ಸ್ಟಾರ್ಟ್ ಆಗುತ್ತೆ, ಓಡಿಸ್ಕೊಂಡು ಹೋಗೋಣ' ಅನ್ನೋದು ಎರಡೂ ಬೇಡ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳಿಗೆ ನಿರ್ಬಂಧ ಹಾಕೋದುಂಟು, ಹೊರಡೋ ಮುಂಚೆ ವಿಚಾರಿಸಿ. ನನ್ನ ಮಟ್ಟಿಗೆ ಗಾಡಿ ತರೋ ಸಮಯ ಪುತ್ತರಿ (ನವೆಂಬರ್-ಡಿಸೆಂಬರ್‌ನಲ್ಲಿ ಬರೋ ಕೊಡಗಿನ ಸುಗ್ಗಿ ಹಬ್ಬ) ಆದ್ಮೇಲೆ. ಅಲ್ಲಿಂದ ಏಪ್ರಿಲ್‌ವರೆಗೆ ಬಿಸಿಲಿದೆ, ಪೇಂಟ್ ಕೂರುತ್ತೆ, ಒಳಗೆ ಒಣಗುತ್ತೆ. ಜೂನ್‌ನಲ್ಲಿ ತಂದ ಗಾಡಿಯ ಕಾರ್ಪೆಟ್ ಸೆಪ್ಟೆಂಬರ್‌ವರೆಗೂ ಒಣಗಲ್ಲ, ಬೂಷ್ಟು ಹಿಡಿಯುತ್ತೆ.

ನೀರು ಹೊಕ್ಕ ಗಾಡಿಯ ರಿಪೇರಿ

ಕೀ ತಿರುಗಿಸ್ಬೇಡಿ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ. ಗಾಳಿ ಕುಗ್ಗುತ್ತೆ, ನೀರು ಕುಗ್ಗಲ್ಲ. ಸಿಲಿಂಡರ್ ಒಳಗೆ ನೀರಿದ್ದು ಸೆಲ್ಫ್ ಹೊಡೆದ್ರೆ ಪಿಸ್ಟನ್ ಮೇಲೆ ಬಂದು ಆ ನೀರಿಗೆ ಗುದ್ದುತ್ತೆ, ಕನೆಕ್ಟಿಂಗ್ ರಾಡ್ ಬಾಗುತ್ತೆ, ಇಂಜಿನ್ ಹೋಯ್ತು. ಮೊದ್ಲು ಬ್ಯಾಟರಿ ಕಳಚಿ. ಏರ್ ಫಿಲ್ಟರ್ ಬಾಕ್ಸ್ ತೆಗೆದು ಪೇಪರ್ ನೆನೆದಿದೆಯಾ ನೋಡಿ. ಪೆಟ್ರೋಲ್ ಆದ್ರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದ್ರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಆಮೇಲೆ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ನೀರಿದ್ರೆ ತೂತಿನಿಂದ ಹೊರಗೆ ಬರುತ್ತೆ.

ಇಂಜಿನ್ ಆಯಿಲ್ ಇಳಿಸ್ದಾಗ ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ನೀರು ಸೇರಿದೆ. ಅಗ್ಗದ ಆಯಿಲ್ ಹಾಕಿ ಐದು ನಿಮಿಷ ಓಡಿಸಿ ಇಳಿಸಿ, ಬಣ್ಣ ತಿಳಿಯಾಗೋವರೆಗೆ ಎರಡು ಮೂರು ಸಲ, ಪ್ರತಿ ಸಲ ಫಿಲ್ಟರ್ ಸಮೇತ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮರೀಬೇಡಿ, ಬಿಸಿಯಾಗಿದ್ದ ಗಾಡಿ ನೀರಿಗಿಳಿದ್ರೆ ಬ್ರೀದರ್ (ಗಾಳಿಯಾಡೋ) ತೂತಿನಿಂದ ನೀರು ಒಳಗೆ ಎಳ್ಕೊಳ್ಳುತ್ತೆ. ಡೀಸೆಲ್ ಟ್ಯಾಂಕ್ ಇಳಿಸಿ ತೊಳೀರಿ. ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ, ನೀರು ಸೇರಿದ ಬ್ರೇಕ್ ಆಯಿಲ್ ಬೇಗ ಕುದಿಯುತ್ತೆ, ಸಮತಟ್ಟಿನಲ್ಲಿ ಗೊತ್ತಾಗಲ್ಲ, ಸಂಪಾಜೆ ಘಾಟಿ ಇಳಿಯೋವಾಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತೆ.

ಒಳಗಡೆ ಸೀಟು, ಕಾರ್ಪೆಟ್, ಅದರ ಕೆಳಗಿನ ಫೋಮ್ ಎಲ್ಲ ಹೊರಗೆ. ನಮಗೆ ಒಂದು ಅನುಕೂಲ ಏನಂದ್ರೆ ಕಾಫಿ ಒಣಗಿಸೋ ಕಣ. ಕಾಫಿ ಎತ್ತಿದ್ಮೇಲೆ ಫೆಬ್ರವರಿ ಮಾರ್ಚ್‌ನಲ್ಲಿ ಕಣದಲ್ಲಿ ಕಾರ್ಪೆಟ್ ಹಾಸಿದ್ರೆ ನಾಲ್ಕು ದಿನಕ್ಕೆ ಫೋಮ್ ಸಮೇತ ಗರಿಗರಿ. ಆಮೇಲೆ ವೈರಿಂಗ್, ಇದರಲ್ಲಿ ಅವಸರ ಮಾಡಿದ್ರೆ ಕೆಟ್ರಿ. ಒಂದೊಂದೇ ಕನೆಕ್ಟರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೃದು ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ ಹಾಕ್ಬೇಕು, ಪಿನ್ ಹಸಿರಾಗಿ ತಿಂದುಹೋಗಿದ್ರೆ ಆ ಕನೆಕ್ಟರ್‌ನೇ ಬದಲಾಯಿಸ್ಬೇಕು. ನಾನು ಒಂದು ಗಾಡಿಗೆ ಹನ್ನೊಂದು ದಿನ ಸಂಜೆ ಹೊತ್ತು ಇದಕ್ಕೇ ಕೂತಿದ್ದೀನಿ. ಆ ಗಾಡಿ ಇವತ್ತಿಗೂ ಒಂದು ಬಲ್ಬ್ ತೊಂದ್ರೆ ಕೊಟ್ಟಿಲ್ಲ. ಆಲ್ಟರ್ನೇಟರ್, ಸ್ಟಾರ್ಟರ್, ವೀಲ್ ಬೇರಿಂಗ್ ಬಿಚ್ಚಿ ನೋಡಲೇಬೇಕು.

ಗುದ್ದಿದ ಗಾಡಿಯ ರಿಪೇರಿ

ಬಾಡಿ ಎಳೆಯೋದು ಸುತ್ತಿಗೆ ಕೆಲಸ ಅಲ್ಲ. ಗ್ಯಾಸ್‌ನಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡಿದ್ರೆ ಈಗಿನ ಗಾಡಿಗಳ ಗಟ್ಟಿ ಉಕ್ಕು ಮೆತ್ತಗಾಗುತ್ತೆ, ಮುಂದೆ ಏಟು ಬಿದ್ದಾಗ ತಡೀಬೇಕಾದ ಜಾಗದಲ್ಲಿ ತಡಿಯಲ್ಲ. ಮುಂಭಾಗ ಜರುಗಿದ್ರೆ ಅಳತೆ ನೋಡಿ ಎಳೆಯೋ ಬೆಂಚ್ ಇರೋ ಗ್ಯಾರೇಜ್‌ಗೇ ಹಾಕಿ, ಅದಕ್ಕೆ ಮೈಸೂರಿಗೆ ಹೋಗ್ಬೇಕಾಗಿ ಬಂದ್ರೂ ಸರಿ. ಎಳೆದ್ಮೇಲೆ ಮತ್ತೆ ಅದೇ ಅಡ್ಡ ಅಳತೆ ನೀವೇ ನಿಂತು ಅಳೀರಿ. ವೀಲ್ ಅಲೈನ್‌ಮೆಂಟ್ ಮಷಿನ್‌ಗೆ ಹಾಕ್ದಾಗ ಕ್ಯಾಂಬರ್ (ಚಕ್ರ ಒಳಗೆ-ಹೊರಗೆ ವಾಲೋ ಕೋನ) ಒಂದು ಕಡೆ ಸೆಟ್ ಆಗ್ತಾನೇ ಇಲ್ಲ, ಸಸ್ಪೆನ್ಷನ್ ಪಾರ್ಟ್ಸ್ ಎಲ್ಲ ಸರಿ ಇದೆ ಅಂದ್ರೆ ಸ್ಟ್ರಟ್ ಟವರ್ ಇನ್ನೂ ತನ್ನ ಜಾಗಕ್ಕೆ ಬಂದಿಲ್ಲ, ಗಾಡಿ ವಾಪಸ್ ಬೆಂಚಿಗೆ ಹೋಗ್ಬೇಕು.

ವೆಲ್ಡಿಂಗ್ ಆದ ಕಡೆಯೆಲ್ಲ ಪ್ರೈಮರ್, ಸೀಲರ್, ಒಳಗಿನ ಪೊಳ್ಳಿಗೆ ವ್ಯಾಕ್ಸ್ ಹೊಡೆಸಿ. ಬಯಲುಸೀಮೆಲಿ ಇದನ್ನ ಬಿಟ್ರೆ ನಡೆದೀತು, ಇಂಚುಗಟ್ಟಲೆ ಮಳೆ ಸುರಿಯೋ ನಮ್ಮೂರಲ್ಲಿ ಎರಡನೇ ಮಳೆಗಾಲಕ್ಕೆ ವೆಲ್ಡಿಂಗ್ ಗೆರೆ ಉದ್ದಕ್ಕೂ ಪೇಂಟ್ ಉಬ್ಬುತ್ತೆ. ಬಾಗಿಲ ಕೆಳಗಿನ ನೀರು ಇಳಿಯೋ ತೂತಿಗೆ ಪುಟ್ಟಿ, ಪೇಂಟ್ ತುಂಬಿದೆಯಾ ಅಂತನೂ ನೋಡಿ.

ಏರ್‌ಬ್ಯಾಗ್ ವಿಷಯದಲ್ಲಿ ನನಗೆ ಸಿಟ್ಟು ಬರುತ್ತೆ, ಯಾಕಂದ್ರೆ ಬಿಚ್ಚಿಕೊಂಡ ಏರ್‌ಬ್ಯಾಗ್ ಕತ್ತರಿಸಿ ಕವರ್ ಅಂಟಿಸಿ ಮಾರೋರನ್ನ ನಾನು ಕಣ್ಣಾರೆ ನೋಡಿದ್ದೀನಿ. 2019ರ ಜುಲೈ 1ರಿಂದ ತಯಾರಾದ ಹೊಸ ಕಾರಿನಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಅಂದ್ರೆ ಆಮೇಲಿನ ಮಾಡೆಲ್ ತಗೊಂಡ್ರೆ ಈ ಖರ್ಚು ಲೆಕ್ಕದಲ್ಲಿ ಇರಲೇಬೇಕು. ಬ್ಯಾಗ್ ಒಂದೇ ಅಲ್ಲ, ಅದರ ಮಾಡ್ಯೂಲ್, ಮುಂದಿನ ಸೆನ್ಸರ್, ಸ್ಟೀರಿಂಗ್ ಒಳಗಿನ ಸುರುಳಿ ಕೇಬಲ್, ಬಿಗಿಯಾಗಿ ಲಾಕ್ ಆದ ಸೀಟ್‌ಬೆಲ್ಟ್ ಇಷ್ಟೂ ನೋಡ್ಬೇಕು. ಕೀ ಆನ್ ಮಾಡ್ದಾಗ ಏರ್‌ಬ್ಯಾಗ್ ಲೈಟ್ ಹತ್ತಿ, ಕೆಲವು ಸೆಕೆಂಡ್ ಆದ್ಮೇಲೆ ಆರ್ಬೇಕು. ಹತ್ತಲೇ ಇಲ್ಲ ಅಂದ್ರೆ ಯಾರೋ ಲೈಟ್ ಕಿತ್ತಿದ್ದಾರೆ.

ರಸ್ತೆಗೆ ಇಳಿಸೋ ಮುಂಚೆ

ಹೆಸರು ಬದಲಾವಣೆ ಮಡಿಕೇರಿ ಆರ್‌ಟಿಓದಲ್ಲಿ. ಗಾಡಿ ತಗೊಂಡ ಮೇಲೆ ಕಾಯ್ದೆ ಪ್ರಕಾರ 30 ದಿನದೊಳಗೆ ಅರ್ಜಿ ಹಾಕ್ಬೇಕು, ರಿಪೇರಿ ಮುಗೀಲಿ ಅಂತ ಕಾಯ್ಬೇಡಿ, ಎರಡೂ ಒಟ್ಟಿಗೇ ನಡೀಲಿ. ಇಂಜಿನ್ ಬದಲಾಯಿಸೋದಾದ್ರೆ ಆರ್‌ಟಿಓ ಅನುಮತಿ, ಇಂಜಿನ್ ಬಿಲ್ ಎರಡೂ ಬೇಕು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ದೆ ಗೇಟ್ ದಾಟಿಸ್ಬೇಡಿ. ಫುಲ್ ಇನ್ಶೂರೆನ್ಸ್ ಬೇಕಂದ್ರೆ ಅವರು ಗಾಡಿ ಪರಿಶೀಲನೆ ಮಾಡ್ತಾರೆ, ಆವಾಗ ಹಳೇ ಟೋಟಲ್ ಲಾಸ್ ವಿಷಯ ಮುಚ್ಚಿಡ್ಬೇಡಿ, ಮುಂದೆ ಕ್ಲೈಮ್‌ಗೆ ಹೋದಾಗ ಅದೇ ತಿರುಗಿ ಬರುತ್ತೆ. ಹೊಗೆ ತಪಾಸಣೆ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ.

ಟ್ರಯಲ್‌ಗೆ ನಾನು ಮೊದಲ ದಿನ ಕುಶಾಲನಗರದ ಸಮತಟ್ಟು ರಸ್ತೆಯಲ್ಲೇ ಓಡಿಸೋದು, ಸ್ಟೀರಿಂಗ್ ಬಿಟ್ರೆ ಎಳೆಯುತ್ತಾ, ಬ್ರೇಕ್ ಒತ್ತಿದ್ರೆ ಒಂದು ಕಡೆ ಹೋಗುತ್ತಾ ನೋಡ್ಕೊಂಡು. ಅದೆಲ್ಲ ಸರಿಯಾದ್ಮೇಲೆ ಮಡಿಕೇರಿಯಿಂದ ಸಂಪಾಜೆಗೆ ಸುಮಾರು 30 ಕಿಲೋಮೀಟರ್ ಇಳಿಜಾರು, ಎರಡನೇ ಮೂರನೇ ಗೇರಲ್ಲಿ, ಪಕ್ಕದಲ್ಲಿ ಮೇಸ್ತ್ರಿನ ಕೂರಿಸ್ಕೊಂಡು. ಕೆಳಗೆ ನಿಲ್ಸಿ ನಾಲ್ಕೂ ಚಕ್ರದ ಹತ್ರ ಕೈ ಹಿಡೀರಿ, ಮುಟ್ಬೇಡಿ, ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಕಾದಿದ್ರೆ ಆ ಬ್ರೇಕ್ ಹಿಡ್ಕೊಂಡಿದೆ. ಮತ್ತೆ ಹತ್ತುವಾಗ ಟೆಂಪರೇಚರ್ ಮುಳ್ಳು ನೋಡ್ತಿರಿ, ಹೊಸ ರೇಡಿಯೇಟರ್‌ನ ಕೆಲಸ ಅಲ್ಲಿ ಗೊತ್ತಾಗುತ್ತೆ.

1,000 ಕಿಲೋಮೀಟರ್ ಆದ್ಮೇಲೆ ಸಸ್ಪೆನ್ಷನ್ ನಟ್ ಎಲ್ಲ ಮತ್ತೆ ಟೈಟ್ ಮಾಡಿಸಿ, ಆಯಿಲ್ ಬದಲಾಯಿಸಿ. ಬಿಚ್ಚೋವಾಗ ತೆಗೆದ ಫೋಟೋ, ಪಾರ್ಟ್ಸ್ ಬಿಲ್, ಅಲೈನ್‌ಮೆಂಟ್ ಚೀಟಿ ಫೈಲಲ್ಲೇ ಇರ್ಲಿ, ಮುಂದೆ ಮಾರಿದ್ರೆ ತಗೊಳ್ಳೋರ ಕೈಗೆ ಆ ಫೈಲ್ ಕೊಡಿ, ನಾನು ಮಾರಿದ ಎರಡು ಗಾಡಿಗೂ ಹಂಗೇ ಕೊಟ್ಟಿದ್ದೀನಿ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಹೊಡೆದ ಮಾರನೇ ದಿನ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡೋ ಮುಂಚೆ, ಎಡಗಡೆ ಮುಂದಿನ ಸೀಟಿನ ಕಾಲ ಹತ್ರ ಕಾರ್ಪೆಟ್ ಕೆಳಗೆ ಕೈ ತೂರಿಸಿ ಫೋಮ್ ಒತ್ತಿ ನೋಡಿ. ಒಣಗಿದ್ರೆ ಗ್ಲಾಸ್ ಸೀಲಿಂಗ್, ಬಾಗಿಲ ರಬ್ಬರ್, ವೆಲ್ಡಿಂಗ್ ಎಲ್ಲ ಸರಿ ಕೂತಿವೆ. ಒದ್ದೆ ಇದ್ರೆ ಅವತ್ತೇ ಗ್ಯಾರೇಜ್‌ಗೆ ತಗೊಂಡು ಹೋಗಿ.